ಜೀರ್ಣೋದ್ಧಾರ ಮತ್ತು ಮರುಬಳಕೆ (ಪಾರಂಪರಿಕ ಕಟ್ಟಡಗಳ)

ಶಿಥಿಲವಾದ ಹಳೆಯ ಕಟ್ಟಡವನ್ನು ಮೂಲರಚನೆ ಕೆಡದಂತೆ ದುರಸ್ತಿ ಮಾಡಿ ಉಳಿಸುವುದು ಜೀರ್ಣೋದ್ಧಾರ. ಕಟ್ಟಿದಾಗಿನ ಉದ್ದೇಶ ತೀರಿದ ಮೇಲೆ ಅದೇ ಕಟ್ಟಡಕ್ಕೆ ಬೇರೊಂದು ಕೆಲಸ ಒಪ್ಪಿಸುವುದು ಮರುಬಳಕೆ. ಅರಮನೆ ಹೋಟೆಲಾಗುವುದು, ಸೆರೆಮನೆ ಉದ್ಯಾನವಾಗುವುದು, ಕೋಟೆಬಾಗಿಲು ವಸ್ತುಸಂಗ್ರಹಾಲಯವಾಗುವುದು ಇದಕ್ಕೆ ನಿದರ್ಶನ. ಎರಡೂ ಒಂದನ್ನೊಂದು ಅವಲಂಬಿಸಿವೆ. ದುರಸ್ತಿಯಾಗದ ಕಟ್ಟಡ ಬಳಕೆಗೆ ಬಾರದು, ಬಳಕೆ ಇಲ್ಲದ ಕಟ್ಟಡದ ದುರಸ್ತಿಗೆ ಯಾರೂ ಕೈಹಾಕರು. ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಿಂದ ಮಸ್ಕಿ, ಮುದಗಲ್ಲು, ರಾಯಚೂರು, ಆನೆಗೊಂದಿ, ಹಂಪಿ ಒಂದೊಂದೂ ಒಂದೇ ದಿನದಲ್ಲಿ ಹೋಗಿ ಬರುವ ದೂರದಲ್ಲಿವೆ. ಈ ವಿಷಯದ ಮುಖ್ಯ ಪ್ರಶ್ನೆಗಳೆಲ್ಲ ಈ ಹರವಿನಲ್ಲಿಯೇ ಎದುರಾಗುತ್ತವೆ.

ಪದ ಮತ್ತು ಹಿನ್ನೆಲೆ

ಜೀರ್ಣೋದ್ಧಾರ ಕನ್ನಡಕ್ಕೆ ಹೊಸ ಮಾತಲ್ಲ. ದೇವಾಲಯಗಳಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಮುರಿದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಎತ್ತಿ ನಿಲ್ಲಿಸುವುದೆಂದು ಇದರ ಅರ್ಥ. ದೇವರ ಅಂಗಭೋಗ, ರಂಗಭೋಗ, ನೈವೇದ್ಯಗಳ ಸಾಲಿನಲ್ಲೇ ದುರಸ್ತಿಯ ವೆಚ್ಚವನ್ನೂ ಸೇರಿಸಿ ದತ್ತಿ ಬಿಡುತ್ತಿದ್ದರು. ಗುಡಿ ಒಂದು ದಿನ ಸೋರುತ್ತದೆ, ಅದಕ್ಕೆ ಹೊಲದ ಹುಟ್ಟುವಳಿಯಲ್ಲಿ ಪಾಲು ಇರಲೇಬೇಕು ಎಂಬ ವ್ಯವಹಾರಜ್ಞಾನ ಅದರ ಹಿಂದಿತ್ತು.

ಮರುಬಳಕೆಯೂ ಅಷ್ಟೇ ಹಳೆಯದು. ಐಹೊಳೆಯ ಗುಡಿಗಳ ಹೆಸರುಗಳೇ ಅದರ ದಾಖಲೆ. ಚಾಲುಕ್ಯರ ಕಾಲದ ಒಂದು ಗುಡಿಯಲ್ಲಿ ಲಾಡಖಾನ್ ಎಂಬಾತ ವಾಸವಾಗಿದ್ದುದರಿಂದ ಅದು ಇಂದಿಗೂ ಲಾಡಖಾನ್ ಗುಡಿ. ದುರ್ಗದ ಗುಡಿಗೂ ದುರ್ಗೆಗೂ ಸಂಬಂಧವಿಲ್ಲ. ಅದರ ಮೇಲೆ ಕಾವಲಿಗಾಗಿ ದುರ್ಗದ ಕಟ್ಟೋಣ ಎದ್ದಿದ್ದರಿಂದ ಆ ಹೆಸರು ಬಂತು. ಊರಿನವರು ಗುಡಿಗಳೊಳಗೆ ಸಂಸಾರ ಹೂಡಿದ್ದು ಶಿಲ್ಪಗಳಿಗೆ ಹೊಗೆ ಹಿಡಿಸಿತು, ನಿಜ. ಆದರೆ ಒಲೆ ಹೊತ್ತುತ್ತಿದ್ದಷ್ಟು ಕಾಲ ಅಲ್ಲಿನ ಕಲ್ಲನ್ನು ಬೇರೆ ಯಾರೂ ಹೊತ್ತೊಯ್ಯಲಿಲ್ಲ.

ಇದರ ಇನ್ನೊಂದು ಮುಖ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಣುತ್ತದೆ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನ ಕಂಡಿತು. ವಿಗ್ರಹ ಕೂರಿಸಲು ಚಪ್ಪಡಿಯ ನಡುವೆ ಕೊರೆದ ಚೌಕಾಕಾರದ ತೂತು ಒಂದಿಷ್ಟು ಅಕ್ಷರಗಳನ್ನು ನುಂಗಿತ್ತು. ಬಳಕೆಯಿಂದಾಗಿ ಶಾಸನ ಉಳಿಯಿತು, ಅದೇ ಬಳಕೆಯಿಂದ ಊನವೂ ಆಯಿತು. ಮಸ್ಕಿಯ ಅಶೋಕನ ಶಾಸನ ಬಂಡೆಯ ಮೇಲೆಯೇ ಉಳಿಯಿತು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸಿದಾಗ ‘ಅಶೋಕ’ ಎಂಬ ಹೆಸರು ಓದಲು ಸಿಕ್ಕಿತು.

ವಸಾಹತು ಕಾಲ

1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ (ಇಂದಿನ ವಿಜಯಪುರ) ಬಂದಾಗ ಆದಿಲ್‌ಶಾಹಿ ಕಟ್ಟಡಗಳೇ ಸರ್ಕಾರಿ ಕಚೇರಿಗಳಾದವು. ಚೀನಿ ಮಹಲಿನಲ್ಲಿ ಕಚೇರಿ ನಡೆಯಿತು, ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ಇತ್ತು. ಹಂಪಿ ಬಳಿಯ ಕಮಲಾಪುರದ ಶಿವಾಲಯವೊಂದು ಅಧಿಕಾರಿಗಳು ತಂಗುವ ಬಂಗಲೆಯಾಯಿತು. ವೈಸರಾಯ್ ಕರ್ಜನ್ (1899-1905) ವಿಜಾಪುರದ ಮಸೀದಿಗಳಿಂದ ಇಂಥ ಬಳಕೆಯನ್ನು ತೆರವು ಮಾಡಿಸಿದ. ಅವನ ಕಾಲದಲ್ಲೇ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಬಂತು. ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಜಾನ್ ಮಾರ್ಷಲ್ 1923ರಲ್ಲಿ ಸಂರಕ್ಷಣಾ ಕೈಪಿಡಿ ಹೊರತಂದ. ಇದ್ದುದನ್ನು ಇದ್ದಂತೆ ಉಳಿಸುವುದು ಮೊದಲು, ಹೊಸದಾಗಿ ಕಟ್ಟುವುದು ಕಡೆಗೆ ಎಂಬುದು ಅದರ ಸಾರ. ರಾಯಚೂರು ಸೀಮೆ ಆಗ ನಿಜಾಮನ ಆಡಳಿತದಲ್ಲಿತ್ತು. 1914ರಲ್ಲಿ ಆರಂಭವಾದ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಗೆ ಗುಲಾಮ್ ಯಜ್ದಾನಿ ನಿರ್ದೇಶಕರಾಗಿದ್ದರು.

ದೋಆಬಿನ ಕೋಟೆಗಳು

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ನಡೆದ ಯುದ್ಧಗಳ ಗುರುತು ಕೋಟೆಗಳ ಮೇಲೆ ಪದರುಪದರಾಗಿ ಉಳಿದಿದೆ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ಶಾಸನ ಕಾಕತೀಯರ ಕಾಲದ ಗೋರೆ ಗನ್ನಯ್ಯ ರೆಡ್ಡಿಯ ಹೆಸರು ಹೇಳುತ್ತದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಗಿಸುವ ದೃಶ್ಯವನ್ನೂ ಅಲ್ಲೇ ಕೊರೆಯಲಾಗಿದೆ. ಮುಂದೆ ಬಹಮನಿಗಳು, 1520ರ ಯುದ್ಧದಲ್ಲಿ ಗೆದ್ದ ಕೃಷ್ಣದೇವರಾಯ, ಬಳಿಕ ಆದಿಲ್‌ಶಾಹಿಗಳು ಇದನ್ನು ಆಳಿದರು. ಮುದಗಲ್ಲು ಕೋಟೆಯ ಕಥೆಯೂ ಹೆಚ್ಚು ಕಡಿಮೆ ಇದೇ.

ಇಂಥ ಕೋಟೆಯ ಬಿದ್ದ ಗೋಡೆಯನ್ನು ಯಾರ ಕಾಲದ ರೂಪಕ್ಕೆ ತರಬೇಕು ಎಂಬುದು ಸಂರಕ್ಷಕನ ಮುಂದಿರುವ ಪ್ರಶ್ನೆ. ಒಂದು ಕಾಲವನ್ನು ಆಯ್ದು ಉಳಿದುದನ್ನು ಕಿತ್ತರೆ ಚರಿತ್ರೆಯೇ ಕಿತ್ತುಹೋಗುತ್ತದೆ. ಎಲ್ಲ ಕಾಲದ ಸೇರ್ಪಡೆಗೂ ಬೆಲೆಯಿದೆ, ಹೊಸ ದುರಸ್ತಿ ಹಳೆಯದರಿಂದ ಬೇರೆಯಾಗಿ ಕಾಣಬೇಕು ಎಂಬುದು ಸ್ಮಾರಕ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದಿನ ನಿಲುವು. ಹಂಪಿಯ ಗುಡಿಗಳಲ್ಲಿ ಬಿರುಕುಬಿಟ್ಟ ತೊಲೆಗಳಿಗೆ ಆತುಕೊಟ್ಟ ಸಾದಾ ಇಟ್ಟಿಗೆ ಕಂಬಗಳು ನೋಡಲು ಒರಟು. ಆದರೂ ಶಿಲ್ಪಿಯ ಕೆಲಸ ಯಾವುದು, ದುರಸ್ತಿ ಯಾವುದು ಎಂದು ಅಲ್ಲಿ ಯಾರೂ ತಪ್ಪು ತಿಳಿಯಲಾರರು. ರಾಯಚೂರಿನ ನವರಂಗಿ ದರ್ವಾಜ ಶಿಲ್ಪಗಳನ್ನಿಟ್ಟ ವಸ್ತುಸಂಗ್ರಹಾಲಯವಾಯಿತು. ಬೀದರ್ ಕೋಟೆಯ ಹಮಾಮು, ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಗಳಿಗೂ ಅದೇ ಕೆಲಸ ಸಂದಿದೆ.

ಸಾಮಗ್ರಿ ಮತ್ತು ವಿಧಾನ

ಸಿಮೆಂಟು ಬರುವ ಮುನ್ನ ಅನೇಕ ಗಟ್ಟಿ ಕಟ್ಟಡಗಳು ನಿಂತದ್ದು ಗಾರೆಯ ಮೇಲೆ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಯಿಸಿ ಅರಳಿಸಿ, ಗುಂಡಿಯಲ್ಲಿ ವಾರಗಟ್ಟಲೆ ನೆನೆಹಾಕುತ್ತಾರೆ. ಬಳಿಕ ಮರಳು, ಇಟ್ಟಿಗೆ ಪುಡಿ ಬೆರೆಸಿ ಗಾಣದಲ್ಲಿ ಅರೆಯುತ್ತಾರೆ. ಎತ್ತು ತಿರುಗಿದಂತೆ ಕಲ್ಲಿನ ಚಕ್ರ ದೋಣಿಯಲ್ಲಿ ಉರುಳಿ ಗಾರೆ ಬೆಣ್ಣೆಯಂತಾಗುತ್ತದೆ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಅದಕ್ಕೆ ಸೇರಿಸುವುದು ವಾಡಿಕೆ. ಗೋಡೆಗೆ ಸೇರಿದ ಮೇಲೆ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಈ ಕ್ರಿಯೆ ವರ್ಷಗಳ ಕಾಲ ನಡೆಯುವುದರಿಂದ ಕಟ್ಟಡ ಸ್ವಲ್ಪ ಸರಿದರೂ ಗಾರೆ ಹೊಂದಿಕೊಳ್ಳುತ್ತದೆ, ಕೂದಲೆಳೆಯ ಬಿರುಕುಗಳು ತಾವೇ ಮುಚ್ಚಿಕೊಳ್ಳುವುದೂ ಉಂಟು.

ಸಿಮೆಂಟಿಗೆ ಈ ಗುಣವಿಲ್ಲ. ಹಳೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಗಾರೆಯ ಮೂಲಕ ಹೊರಬಿಡುತ್ತದೆ. ಸಂದುಗಳಿಗೆ ಸಿಮೆಂಟು ತುಂಬಿದರೆ ಆ ದಾರಿ ಮುಚ್ಚಿ, ತೇವ ಕಲ್ಲು ಅಥವಾ ಇಟ್ಟಿಗೆಯ ಮೈಯಿಂದಲೇ ಹೊರಬರುತ್ತದೆ. ಅದರೊಂದಿಗೆ ಬಂದ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಹಕ್ಕಳೆಯಾಗಿ ಉದುರಿಸುತ್ತದೆ. ಕಲ್ಲುಗಳನ್ನು ಹಿಡಿದಿಡಲು ಹೊಡೆದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದರೆ ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಹಳೆಯ ಗುಡಿಗೆ ಭಕ್ತಿಯಿಂದ ಬಳಿದ ಎಣ್ಣೆಬಣ್ಣ, ಹಾಕಿಸಿದ ಟೈಲ್ಸು, ಎರಕ ಹೊಯ್ದ ಕಾಂಕ್ರೀಟು ಇವೆಲ್ಲ ಇದೇ ಬಗೆಯ ಹಾನಿ ಮಾಡುತ್ತವೆ.

ಆದ್ದರಿಂದ ಕೆಲಸದ ಕ್ರಮಕ್ಕೆ ಮಹತ್ವವಿದೆ. ಮೊದಲು ಅಳತೆ, ನಕ್ಷೆ, ಛಾಯಾಚಿತ್ರ. ಅನಂತರ ಕಾರಣ ಹುಡುಕುವುದು: ನೀರು ಎಲ್ಲಿಂದ ಇಳಿಯುತ್ತಿದೆ, ಬುನಾದಿ ಎಲ್ಲಿ ಕುಸಿದಿದೆ, ಯಾವ ಬೇರು ಹೊಕ್ಕಿದೆ ಎಂಬ ಶೋಧ. ದೋಆಬಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ ಇಲ್ಲಿ ಬುನಾದಿಯ ಪರೀಕ್ಷೆ ಮುಖ್ಯ. ಗೋಡೆಯನ್ನು ಬಿಚ್ಚಲೇಬೇಕಾದರೆ ಪ್ರತಿ ಕಲ್ಲಿಗೂ ಅಂಕಿ ಬರೆದು, ಅದದರ ಜಾಗದಲ್ಲೇ ಮರಳಿ ಜೋಡಿಸಬೇಕು.

ಮರುಬಳಕೆಯ ಮಾದರಿಗಳು

ಪ್ಯಾರಿಸಿನಲ್ಲಿ ರೈಲು ನಿಲ್ದಾಣವಾಗಿದ್ದ ಒರ್ಸೆ 1986ರಲ್ಲಿ ಕಲಾ ಸಂಗ್ರಹಾಲಯವಾಯಿತು. ಅದಕ್ಕೂ ಬಹಳ ಹಿಂದೆ ಧಾರವಾಡದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಚೇರಿಗೆಂದು ಕಟ್ಟಿದ ಕಟ್ಟಡ ಕರ್ನಾಟಕ ಕಾಲೇಜಾಗಿತ್ತು. ಬೆಂಗಳೂರಿನ ಅಠಾರಾ ಕಚೇರಿ 1868ರ ಹೊತ್ತಿಗೆ ಹದಿನೆಂಟು ಇಲಾಖೆಗಳಿಗಾಗಿ ಸಿದ್ಧವಾದದ್ದು. ಸಚಿವಾಲಯ 1956ರಲ್ಲಿ ವಿಧಾನಸೌಧಕ್ಕೆ ಹೋಯಿತು. ಇಲ್ಲಿ ಹೈಕೋರ್ಟ್ ಉಳಿಯಿತು. 1980ರ ದಶಕದಲ್ಲಿ ಕೆಡವುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟಡ ಉಳಿಯಿತು. ಮೈಸೂರಿನ ಜಗನ್ಮೋಹನ ಅರಮನೆ ಚಿತ್ರಶಾಲೆಯಾಯಿತು. 1931ರಲ್ಲಿ ಮುಗಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ತೆರೆಯಿತು. ಹೊಸದಾಗಿ ಬೇಕಾದ ಜಾಗವನ್ನು ಹಳೆಯ ಮಹಲಿನ ಪಕ್ಕಕ್ಕೆ ಬೇರೆಯಾಗಿ ಕಟ್ಟಲಾಯಿತು.

ಬೆಂಗಳೂರಿನ ಕೇಂದ್ರ ಕಾರಾಗೃಹದ ರೂಪಾಂತರ ವಿಶೇಷವಾದುದು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರು ಇಲ್ಲಿ ಬಂದಿಗಳಾಗಿದ್ದರು. 2000ದಲ್ಲಿ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. 2008ರಲ್ಲಿ ಈ ಜಾಗ ಸ್ವಾತಂತ್ರ್ಯ ಉದ್ಯಾನವಾಗಿ ತೆರೆಯಿತು. ನಡುವಿನ ಕಾವಲು ಗೋಪುರವನ್ನು ಹಾಗೆಯೇ ಬಿಟ್ಟಿದ್ದಾರೆ. ಒಂದು ಕಾಲಕ್ಕೆ ದನಿ ಅಡಗಿಸಲು ಬಳಸಿದ ಆವರಣ ಈಗ ನಗರದ ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಸ್ಥಳ.

ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಸಣ್ಣ ಪ್ರಮಾಣದ ದಾರಿ ಹಿಡಿಯಿತು. ಊರಿನ ಹಳೆಯ ಮನೆಗಳನ್ನು ಊರಿನ ಕಸುಬುದಾರರಿಂದಲೇ ಸರಿಪಡಿಸಿ, ಪ್ರವಾಸಿಗರು ತಂಗುವ ಮನೆಗಳಿಗೂ ಬಾಳೆನಾರಿನ ಕರಕುಶಲ ಕೆಲಸಕ್ಕೂ ಬಳಸಲಾಯಿತು. ಹಳ್ಳಿಗಾಡಿಗೆ ಅರಮನೆಗಳ ಉದಾಹರಣೆಗಿಂತ ಈ ಮಾದರಿ ಹತ್ತಿರದ್ದು.

ಸ್ಥಳಾಂತರ

ಕಟ್ಟಡ ಇದ್ದಲ್ಲೇ ಉಳಿಯಬೇಕೆಂಬುದು ನಿಯಮ, ಸ್ಥಳಾಂತರ ಕೊನೆಯ ಉಪಾಯ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಅಲ್ಲೇ ಉಳಿಸಿ, ಸುತ್ತ ಬಾವಿಯಂಥ ಗೋಡೆ ಎತ್ತಲಾಯಿತು. ಮೈಸೂರು ರೈಲುಮಾರ್ಗದ ಜೋಡಿಹಳಿಗೆ ಅಡ್ಡವಾದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರಕ್ಕೆ ಬೇರೆ ದಾರಿಯಿರಲಿಲ್ಲ. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಜಾಕಿಗಳ ಮೇಲೆ ಎತ್ತಿ ಇಡಿಯಾಗಿ 100 ಮೀಟರಿಗೂ ಹೆಚ್ಚು ದೂರ ಸರಿಸಲಾಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ (1934-2017) ಕಟ್ಟಿದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮಾರಾಟಕ್ಕೂ ಕೆಡವಲಿಕ್ಕೂ ಸಿದ್ಧವಾಗಿದ್ದ ಮನೆಗಳನ್ನು ತುಂಡುತುಂಡಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಮುಧೋಳದ ದರ್ಬಾರ್ ಸಭಾಂಗಣ, ಕುಕನೂರಿನ ಕಮಲ ಮಹಲ್ ಅಲ್ಲಿವೆ.

ಕಾನೂನು ಮತ್ತು ವಿವಾದ

ರಾಷ್ಟ್ರೀಯ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆ, ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯಿದೆ ಅನ್ವಯಿಸುತ್ತವೆ. ರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸುವಂತಿಲ್ಲ ಎಂದು 1958ರ ಕಾಯಿದೆಯಲ್ಲಿದೆ. 2010ರ ತಿದ್ದುಪಡಿಯಂತೆ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣ ನಿಷೇಧ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಕಾನೂನಿನ ಜೊತೆಗೆ ಸಂಸ್ಥೆಗಳ ಪಾತ್ರವೂ ಇದೆ: ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರದ ಹಾಗೂ ಊರವರ ಪಾಲುದಾರಿಕೆಯಲ್ಲಿ ಹಲವು ಹಳೆಯ ದೇವಾಲಯಗಳ ಜೀರ್ಣೋದ್ಧಾರ ನಡೆಸಿದೆ.

ಬಳಕೆಯ ಮಿತಿ ಎಲ್ಲಿ ಎಂಬ ವಾದ ತೀವ್ರವಾದದ್ದು ಹಂಪಿಯಲ್ಲಿ. ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿ ಜನ ಮನೆ, ಅಂಗಡಿ, ಹೋಟೆಲು ಮಾಡಿಕೊಂಡಿದ್ದರು. 2011ರಲ್ಲಿ ಅವನ್ನೆಲ್ಲ ತೆರವು ಮಾಡಲಾಯಿತು. ಬಜಾರು ಬಜಾರಾಗಿಯೇ ಉಳಿಯುವುದು ಪರಂಪರೆಯಲ್ಲವೇ ಎಂದು ಕೆಲವರು, ಕಲ್ಲಿಗೆ ಮೊಳೆ ಹೊಡೆಯುವುದು ಪರಂಪರೆಯೇ ಎಂದು ಕೆಲವರು ಕೇಳಿದರು. ತೆರವಾದ ಮಂಟಪಗಳ ಸಾಲಿನಲ್ಲೇ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿಯಿತು. ಮೈಸೂರಿನಲ್ಲಿ ವಾದ ಎದ್ದದ್ದು ಶಿಥಿಲ ಕಟ್ಟಡಗಳನ್ನು ಉಳಿಸುವ ಬಗೆಗೆ. ಅಲ್ಲಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಬಿದ್ದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಕುಸಿಯಿತು. ಇವನ್ನು ಕೆಡವಿ ಕಟ್ಟಬೇಕೋ ಉಳಿಸಿ ಸರಿಪಡಿಸಬೇಕೋ ಎಂದು ತಜ್ಞರೇ ಎರಡು ಪಕ್ಷವಾದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿರುವ ಜಯಲಕ್ಷ್ಮೀ ವಿಲಾಸ ಮಹಲನ್ನು ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ 2000ರ ದಶಕದಲ್ಲಿ ಸರಿಪಡಿಸಲಾಗಿತ್ತು. ನಿತ್ಯದ ನಿಗಾ ಇಲ್ಲದೆ ಅದು ಮತ್ತೆ ಶಿಥಿಲವಾಯಿತು.

ಪಟ್ಟಿಗೆ ಸೇರದ ಕಟ್ಟಡಗಳು

ಪಾಮನಕಲ್ಲೂರು ಸುತ್ತಿನ ಎರೆಸೀಮೆಯಲ್ಲಿ ಕಾಯಿದೆಯ ಪಟ್ಟಿಗೆ ಸೇರದ ಕಟ್ಟಡಗಳೇ ಹೆಚ್ಚು: ಊರ ಅಗಸಿ, ಹುಡೇವು, ದೇಸಾಯರ ವಾಡೆ, ಮಠ, ಮೆಟ್ಟಿಲುಬಾವಿ, ಮೇಲ್ಮುದ್ದೆ ಮನೆ. ಮೇಲ್ಮುದ್ದೆ ಮನೆಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆ, ಜಂತೆ, ಅವುಗಳ ಮೇಲೆ ಮಣ್ಣಿನ ಮಾಳಿಗೆ. ಬೇಸಗೆಯ ಬಿಸಿಲಿನಲ್ಲೂ ಒಳಗೆ ತಂಪು. ಇವನ್ನು ವಾಚನಾಲಯ, ಅಂಗನವಾಡಿ, ಸ್ವಸಹಾಯ ಸಂಘದ ಕಚೇರಿಗಳಾಗಿ ಬಳಸಲು ದೊಡ್ಡ ಬದಲಾವಣೆ ಬೇಕಿಲ್ಲ. ಕಿಟಕಿ, ಶೌಚಾಲಯ, ವಿದ್ಯುತ್ತಿನ ತಂತಿಗಳನ್ನು ಹಳೆಯ ಮರ ಕೊರೆಯದೆ ಒದಗಿಸಿದರೆ ಸಾಕು. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಚೌಳು ಮಣ್ಣು ಹಾಕಿ ತುಳಿಯಬೇಕು, ಹುಲ್ಲು ಕೀಳಬೇಕು, ನೀರು ಹೋಗುವ ದೋಣಿ ಬಿಡಿಸಬೇಕು. ಜನ ವಾಸವಿರುವ ಮನೆಯಲ್ಲಿ ಇದು ತಾನಾಗಿ ನಡೆಯುತ್ತದೆ. ಬೀಗ ಬಿದ್ದ ಮನೆಯಲ್ಲಿ ಮೊದಲು ಕುಸಿಯುವುದು ಮಾಳಿಗೆಯೇ.