ಬಿನೆ–ಕಾಮತ್ ಬುದ್ಧಿಶಕ್ತಿ ಪರೀಕ್ಷೆ

ಬಿನೆ–ಕಾಮತ್ ಬುದ್ಧಿಶಕ್ತಿ ಪರೀಕ್ಷೆಯು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವುದಕ್ಕಾಗಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಸಿದ್ಧಪಡಿಸಿದ ವೈಯಕ್ತಿಕ ಪರೀಕ್ಷೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಅವರ ಮಾಪನಿಯನ್ನು ಅಂದಿನ ಮುಂಬಯಿ ಕರ್ನಾಟಕದ ಮಕ್ಕಳಿಗೆ ಹೊಂದಿಸಿಕೊಂಡುದರಿಂದ ಇದಕ್ಕೆ ಈ ಜೋಡುಹೆಸರು ಬಂದಿದೆ. ಇದನ್ನು ‘ಮುಂಬಯಿ–ಕರ್ನಾಟಕ ಪರಿಷ್ಕರಣ’ ಎಂದೂ ಕರೆಯುತ್ತಾರೆ. ಭಾರತೀಯ ಭಾಷೆಗಳಲ್ಲಿ ಪ್ರಮಾಣೀಕರಣಗೊಂಡ ಮೊದಮೊದಲ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಇದೂ ಒಂದು. ರಚನೆಯಾಗಿ ಸುಮಾರು ಒಂಬತ್ತು ದಶಕಗಳು ಕಳೆದಿದ್ದರೂ ಆಸ್ಪತ್ರೆಗಳಲ್ಲಿಯೂ ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿಯೂ ಇದು ಬಳಕೆಯಲ್ಲಿದೆ.

ಪರಿಕಲ್ಪನೆ

ಬುದ್ಧಿಶಕ್ತಿ ಎಂದರೇನು ಎಂಬುದರ ಬಗ್ಗೆ ಮನೋವಿಜ್ಞಾನಿಗಳಲ್ಲಿ ಏಕಾಭಿಪ್ರಾಯವಿಲ್ಲ. ಹೊಸ ಸನ್ನಿವೇಶಕ್ಕೆ ಹೊಂದಿಕೊಳ್ಳುವುದು, ಅನುಭವದಿಂದ ಕಲಿಯುವುದು, ಅಮೂರ್ತವಾಗಿ ಚಿಂತಿಸುವುದು, ಸಮಸ್ಯೆಗಳನ್ನು ಬಿಡಿಸುವುದು ಎಂಬ ಅಂಶಗಳು ಬಹುತೇಕ ವ್ಯಾಖ್ಯೆಗಳಲ್ಲಿ ಸಾಮಾನ್ಯವಾಗಿ ಕಾಣುತ್ತವೆ.

ಭಾರತೀಯ ದರ್ಶನಗಳಲ್ಲಿ ‘ಬುದ್ಧಿ’ಯು ಪಾರಿಭಾಷಿಕ ಪದ. ಸಾಂಖ್ಯರ ಪ್ರಕಾರ ಪ್ರಕೃತಿಯಿಂದ ಮೊದಲು ಹೊಮ್ಮುವ ತತ್ತ್ವವೇ ಮಹತ್ ಅಥವಾ ಬುದ್ಧಿ. ನಿಶ್ಚಯ ಮಾಡುವುದು ಅದರ ಲಕ್ಷಣ. ಕನ್ನಡದ ಆಡುಮಾತಿನಲ್ಲಿ ಈ ಪದಕ್ಕೆ ನಡತೆಯ ಅರ್ಥವೂ ಸೇರಿಕೊಂಡಿದೆ. ‘ಬುದ್ಧಿ ಹೇಳು’ ಎಂದರೆ ಒಳ್ಳೆಯ ದಾರಿ ತೋರಿಸು ಎಂದರ್ಥ. ‘ಕೆಟ್ಟ ಬುದ್ಧಿ’ ಎಂಬುದು ದಡ್ಡತನವನ್ನು ಸೂಚಿಸದೆ ದುರ್ಗುಣವನ್ನು ಸೂಚಿಸುತ್ತದೆ. ಕೇವಲ ಚುರುಕುತನವನ್ನು ಹೇಳಲು ‘ಜಾಣ’ ಎಂಬ ಪದವಿದೆ. ಬೆಳಗಾವಿ, ಧಾರವಾಡದ ಕಡೆ ‘ಶಾಣ್ಯಾ’ ಎನ್ನುವರು. ಹೀಗಾಗಿ ಬುದ್ಧಿಶಕ್ತಿ ಪರೀಕ್ಷೆಯು ಅಳೆಯುವುದು ಜನರು ‘ಬುದ್ಧಿ’ ಎಂದು ಕರೆಯುವುದರ ಒಂದು ಭಾಗವನ್ನು ಮಾತ್ರ ಎಂಬುದನ್ನು ಗಮನಿಸಬೇಕು.

ಐತಿಹಾಸಿಕ ಹಿನ್ನೆಲೆ

ಬುದ್ಧಿಶಕ್ತಿಯನ್ನು ಅಳೆಯುವ ಆರಂಭದ ಪ್ರಯತ್ನ ಮಾಡಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಅವರು ಪ್ರತಿಕ್ರಿಯೆಯ ವೇಗ, ಇಂದ್ರಿಯಗಳ ಸೂಕ್ಷ್ಮತೆ ಮುಂತಾದವುಗಳನ್ನು ಅಳೆದರು. ಆದರೆ ಇಂತಹ ಅಳತೆಗಳಿಗೂ ಶಾಲೆಯ ಕಲಿಕೆಗೂ ಹೆಚ್ಚಿನ ಸಂಬಂಧ ಕಂಡುಬರಲಿಲ್ಲ.

ಸಾಮಾನ್ಯ ತರಗತಿಯಲ್ಲಿ ಕಲಿಯಲು ಕಷ್ಟಪಡುವ ಮಕ್ಕಳನ್ನು ಗುರುತಿಸುವ ಮಾರ್ಗಕ್ಕಾಗಿ ಫ್ರೆಂಚ್ ಸರ್ಕಾರವು 1904ರಲ್ಲಿ ಒಂದು ಆಯೋಗವನ್ನು ರಚಿಸಿತು. ಅದರ ಸದಸ್ಯರಾಗಿದ್ದ ಬಿನೆ, ಥಿಯೊಡೋರ್ ಸಿಮೋನ್ ಅವರೊಡನೆ ಸೇರಿ 1905ರಲ್ಲಿ 30 ಅಂಶಗಳ ಮಾಪನಿಯನ್ನು ಪ್ರಕಟಿಸಿದರು. 1908ರ ಪರಿಷ್ಕರಣದಲ್ಲಿ ಪ್ರಶ್ನೆಗಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸಲಾಯಿತು. ‘ಮಾನಸಿಕ ವಯಸ್ಸು’ ಎಂಬ ಕಲ್ಪನೆ ಇಲ್ಲಿಂದ ಬೆಳೆಯಿತು. ಜರ್ಮನಿಯ ವಿಲಿಯಂ ಸ್ಟರ್ನ್ 1912ರಲ್ಲಿ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು ಸೂಚಿಸಿದರು. ಅಮೆರಿಕದ ಲೂಯಿಸ್ ಟರ್ಮನ್ 1916ರ ಸ್ಟ್ಯಾನ್‌ಫರ್ಡ್–ಬಿನೆ ಪರಿಷ್ಕರಣದಲ್ಲಿ ಆ ಭಾಗಲಬ್ಧವನ್ನು 100ರಿಂದ ಗುಣಿಸಿ ‘ಬುದ್ಧಿಲಬ್ಧ’ವನ್ನು (ಐಕ್ಯೂ) ಬಳಕೆಗೆ ತಂದರು.

ನೆರವು ಬೇಕಾದ ಮಗುವನ್ನು ಕಂಡುಕೊಳ್ಳುವುದೇ ಬಿನೆಯವರ ಉದ್ದೇಶವಾಗಿತ್ತು. ಬುದ್ಧಿಶಕ್ತಿ ಹುಟ್ಟಿನಿಂದಲೇ ನಿಗದಿಯಾಗಿದ್ದು ಬದಲಾಗದು ಎಂಬ ಮತವನ್ನು ಅವರು ವಿರೋಧಿಸಿದರು. ತಕ್ಕ ಅಭ್ಯಾಸದಿಂದ ಅದನ್ನು ಹೆಚ್ಚಿಸಬಹುದೆಂದು ನಂಬಿದ್ದರು. ಅವರು 1911ರಲ್ಲಿ ನಿಧನರಾದ ಮೇಲೆ ಅದೇ ಮಾಪನಿಯು ಅಮೆರಿಕದಲ್ಲಿ ಬೇರೆ ಉದ್ದೇಶಗಳಿಗೂ ಬಳಕೆಯಾಯಿತು. ‘ಮಂದಬುದ್ಧಿ’ಯವರೆಂದು ಗುರುತಿಸಿದವರಿಗೆ ಬಲವಂತದ ಸಂತಾನಶಕ್ತಿಹರಣ ಮಾಡುವ ಕಾನೂನನ್ನು 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದು ಆ ಕಾಲದ ಧೋರಣೆಗೆ ನಿದರ್ಶನ.

ಬುದ್ಧಿಶಕ್ತಿಯ ಸಿದ್ಧಾಂತಗಳು

ದ್ವಿಅಂಶ ಸಿದ್ಧಾಂತ: ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಮಂಡಿಸಿದ ಈ ಸಿದ್ಧಾಂತದ ಪ್ರಕಾರ ಎಲ್ಲ ಬೌದ್ಧಿಕ ಕಾರ್ಯಗಳಿಗೂ ಆಧಾರವಾದ ಒಂದು ಸಾಮಾನ್ಯ ಅಂಶವೂ ಆಯಾ ಕಾರ್ಯಕ್ಕೆ ಸೀಮಿತವಾದ ವಿಶಿಷ್ಟ ಅಂಶಗಳೂ ಇವೆ. ಒಂದು ವಿಷಯದಲ್ಲಿ ಮುಂದಿರುವವರು ಇತರ ವಿಷಯಗಳಲ್ಲಿಯೂ ಸಾಮಾನ್ಯವಾಗಿ ಮುಂದಿರುತ್ತಾರೆ ಎಂಬ ಸಹಸಂಬಂಧವೇ ಇದಕ್ಕೆ ಆಧಾರ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದವರು. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ.

ಬಹುಅಂಶ ಸಿದ್ಧಾಂತಗಳು: ಎಲ್. ಎಲ್. ಥರ್ಸ್ಟನ್ 1938ರಲ್ಲಿ ಒಂದೇ ಸಾಮಾನ್ಯ ಅಂಶದ ಬದಲು ಏಳು ಪ್ರಾಥಮಿಕ ಮಾನಸಿಕ ಸಾಮರ್ಥ್ಯಗಳನ್ನು ಗುರುತಿಸಿದರು: ಶಬ್ದಾರ್ಥ ಗ್ರಹಣ, ಶಬ್ದ ನಿರರ್ಗಳತೆ, ಸಂಖ್ಯೆ, ಅವಕಾಶ ಕಲ್ಪನೆ, ಸ್ಮೃತಿ, ಗ್ರಹಣ ವೇಗ ಮತ್ತು ತರ್ಕ. ರೇಮಂಡ್ ಕ್ಯಾಟೆಲ್ ಅವರು ಹೊಸ ಸಮಸ್ಯೆಯನ್ನು ಎದುರಿಸುವ ‘ದ್ರವ’ ಬುದ್ಧಿಶಕ್ತಿಯನ್ನೂ ಕಲಿಕೆಯಿಂದ ಸಂಗ್ರಹವಾದ ‘ಘನೀಕೃತ’ ಬುದ್ಧಿಶಕ್ತಿಯನ್ನೂ ಬೇರ್ಪಡಿಸಿದರು. ಜಾನ್ ಕ್ಯಾರಲ್ 1993ರಲ್ಲಿ ಈ ಎರಡೂ ಧಾರೆಗಳನ್ನು ಮೂರು ಸ್ತರಗಳ ಒಂದು ಮಾದರಿಯಲ್ಲಿ ಕೂಡಿಸಿದರು.

ವಿಸ್ತೃತ ದೃಷ್ಟಿಗಳು: ಹೊವಾರ್ಡ್ ಗಾರ್ಡ್‌ನರ್ 1983ರಲ್ಲಿ ಭಾಷೆ, ತರ್ಕ–ಗಣಿತ, ಅವಕಾಶ, ಸಂಗೀತ, ದೈಹಿಕ ಚಲನೆ, ಪರರ ಅರಿವು, ಆತ್ಮದ ಅರಿವು ಎಂಬ ಏಳು ಬುದ್ಧಿಶಕ್ತಿಗಳನ್ನು ಹೇಳಿ, ಮುಂದೆ ನಿಸರ್ಗದ ಅರಿವನ್ನು ಸೇರಿಸಿದರು. ಈ ಸಿದ್ಧಾಂತವು ಶಿಕ್ಷಕರ ತರಬೇತಿಯಲ್ಲಿ ಜನಪ್ರಿಯವಾಗಿದ್ದರೂ ಪ್ರಾಯೋಗಿಕ ಆಧಾರ ಸಾಲದೆಂಬ ಟೀಕೆಗೆ ಒಳಗಾಗಿದೆ. ರಾಬರ್ಟ್ ಸ್ಟರ್ನ್‌ಬರ್ಗ್ 1985ರಲ್ಲಿ ವಿಶ್ಲೇಷಣೆ, ಸೃಜನಶೀಲತೆ ಮತ್ತು ವ್ಯಾವಹಾರಿಕತೆ ಎಂಬ ಮೂರು ಮುಖಗಳನ್ನು ಗುರುತಿಸಿದರು. ಒಡಿಶಾ ಮೂಲದ ಜೆ. ಪಿ. ದಾಸ್ ಮತ್ತು ಸಂಗಡಿಗರು ಯೋಜನೆ, ಅವಧಾನ, ಏಕಕಾಲಿಕ ಮತ್ತು ಅನುಕ್ರಮ ಸಂಸ್ಕರಣಗಳೆಂಬ ಮಾನಸಿಕ ಪ್ರಕ್ರಿಯೆಗಳ ಆಧಾರದ ಮೇಲೆ ಬೇರೊಂದು ಸಿದ್ಧಾಂತವನ್ನು ರೂಪಿಸಿದರು.

ಕಾಮತರ ಪರಿಷ್ಕರಣ

ಭಾರತದಲ್ಲಿ ಬಿನೆ ಮಾಪನಿಯನ್ನು ಅಳವಡಿಸುವ ಕೆಲಸವನ್ನು ಲಾಹೋರಿನಲ್ಲಿ ಸಿ. ಹರ್ಬರ್ಟ್ ರೈಸ್ 1922ರಲ್ಲಿ ಹಿಂದೂಸ್ತಾನಿ ಭಾಷೆಯಲ್ಲಿ ಆರಂಭಿಸಿದ್ದರು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳನ್ನೊಳಗೊಂಡ ಮುಂಬಯಿ ಕರ್ನಾಟಕದಲ್ಲಿ ಈ ಕೆಲಸವನ್ನು ಕೈಗೊಂಡವರು ಕಾಮತರು. ಕನ್ನಡ, ಮರಾಠಿಗಳೆರಡೂ ಶಾಲೆ, ಪೇಟೆ, ಮನೆಗಳಲ್ಲಿ ಬೆರೆತಿರುವ ಪ್ರದೇಶವಿದು; ಎರಡೂ ಭಾಷೆಗಳಿಗೆ ಸಲ್ಲುವ ಮಾಪನಿಯೊಂದರ ಅಗತ್ಯ ಇಲ್ಲಿ ಸಹಜವಾಗಿಯೇ ಇತ್ತು. ಪರಿಷ್ಕರಣದ ವಿವರವನ್ನು ಕಾಮತರು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಭಾರತೀಯ ಮಕ್ಕಳ ಬುದ್ಧಿಶಕ್ತಿಯ ಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಹೊರಬಂದು ಹಲವು ಮುದ್ರಣಗಳನ್ನು ಕಂಡಿತು.

ರಚನೆ ಮತ್ತು ಅಂಕಗಣನೆ

ಪರೀಕ್ಷೆಯನ್ನು ತರಬೇತಿ ಪಡೆದ ಪರೀಕ್ಷಕರು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ನೀಡುತ್ತಾರೆ. ಇದರಲ್ಲಿ 3ರಿಂದ 10ರವರೆಗೆ ಪ್ರತಿ ವರ್ಷಕ್ಕೊಂದು, ಅನಂತರ 12, 14, 16, 19 ಮತ್ತು 22ನೆಯ ವರ್ಷಗಳ ಮಟ್ಟಗಳಿವೆ. ಪ್ರತಿ ಮಟ್ಟದಲ್ಲಿ ಆರು ಅಂಶಗಳಿರುತ್ತವೆ. ಭಾಷೆ, ಅರ್ಥಯುಕ್ತ ಮತ್ತು ಅರ್ಥರಹಿತ ಸ್ಮೃತಿ, ಪರಿಕಲ್ಪನಾತ್ಮಕ ಚಿಂತನೆ, ಶಾಬ್ದಿಕ, ಅಶಾಬ್ದಿಕ ಹಾಗೂ ಸಂಖ್ಯಾ ತರ್ಕ, ಸಾಮಾಜಿಕ ಬುದ್ಧಿಶಕ್ತಿ ಎಂಬ ವಿಭಾಗಗಳಲ್ಲಿ ಈ ಅಂಶಗಳನ್ನು ವಿಶ್ಲೇಷಿಸಲಾಗುತ್ತದೆ.

ಎಲ್ಲ ಆರು ಅಂಶಗಳಲ್ಲಿಯೂ ಮಗು ಉತ್ತೀರ್ಣವಾಗುವ ಮಟ್ಟವನ್ನು ಆಧಾರ ವಯಸ್ಸೆಂದೂ ಎಲ್ಲದರಲ್ಲಿಯೂ ಸೋಲುವ ಮಟ್ಟವನ್ನು ಅಂತಿಮ ವಯಸ್ಸೆಂದೂ ಪರಿಗಣಿಸುತ್ತಾರೆ. 10ನೆಯ ವರ್ಷದವರೆಗಿನ ಮಟ್ಟಗಳಲ್ಲಿ ಪ್ರತಿ ಸರಿಯುತ್ತರಕ್ಕೆ 2 ತಿಂಗಳು, 12, 14 ಮತ್ತು 16ನೆಯ ಮಟ್ಟಗಳಲ್ಲಿ 4 ತಿಂಗಳು, 19 ಮತ್ತು 22ನೆಯ ಮಟ್ಟಗಳಲ್ಲಿ 6 ತಿಂಗಳು ಸೇರುತ್ತವೆ. ಉದಾಹರಣೆಗೆ, 10 ವರ್ಷ ತುಂಬಿದ ಮಗುವಿನ ಆಧಾರ ವಯಸ್ಸು 7 ಆಗಿದ್ದು, 8ನೆಯ ಮಟ್ಟದಲ್ಲಿ ನಾಲ್ಕು, 9ನೆಯ ಮಟ್ಟದಲ್ಲಿ ಎರಡು ಅಂಶಗಳು ಸರಿಯಾಗಿ, 10ನೆಯ ಮಟ್ಟದಲ್ಲಿ ಯಾವುದೂ ಸರಿಯಾಗದಿದ್ದರೆ, ಮಾನಸಿಕ ವಯಸ್ಸು 7 ವರ್ಷಕ್ಕೆ 12 ತಿಂಗಳು ಕೂಡಿ 8 ವರ್ಷವಾಗುತ್ತದೆ. 8ನ್ನು 10ರಿಂದ ಭಾಗಿಸಿ 100ರಿಂದ ಗುಣಿಸಿದರೆ ಬುದ್ಧಿಲಬ್ಧವು 80.

ಈ ಕ್ರಮಕ್ಕೆ ಒಂದು ಮಿತಿಯಿದೆ. ವಯಸ್ಕರಲ್ಲಿ ಮಾನಸಿಕ ವಯಸ್ಸು ವರ್ಷಗಳೊಡನೆ ಏರುತ್ತ ಹೋಗುವುದಿಲ್ಲ. ಆದ್ದರಿಂದ ಡೇವಿಡ್ ವೆಕ್ಸ್‌ಲರ್ 1939ರಲ್ಲಿ ವ್ಯಕ್ತಿಯನ್ನು ಆತನ ಸಮವಯಸ್ಕರ ಸರಾಸರಿಯೊಡನೆ ಹೋಲಿಸುವ ವಿಚಲನ ಬುದ್ಧಿಲಬ್ಧವನ್ನು ಬಳಕೆಗೆ ತಂದರು. ಅದರಲ್ಲಿ ಸರಾಸರಿ 100, ಮಾನಕ ವಿಚಲನೆ 15. ಸುಮಾರು 68 ಪ್ರತಿಶತ ಜನರು 85 ಮತ್ತು 115ರ ನಡುವೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ಸುಮಾರು 2 ಪ್ರತಿಶತ.

ಭಾಷೆಯ ಪ್ರಶ್ನೆ

ಶಾಬ್ದಿಕ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ಭಾಷೆಯೇ ಫಲಿತಾಂಶವನ್ನು ಬದಲಿಸಬಲ್ಲದು. ಕನ್ನಡದೊಳಗಿನ ಪ್ರಾದೇಶಿಕ ಭೇದವೂ ಇಲ್ಲಿ ಮುಖ್ಯ. ಮೈಸೂರು ಕಡೆಯ ಈರುಳ್ಳಿ, ಮೊಟ್ಟೆ, ಜೇಬುಗಳು ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಉಳ್ಳಾಗಡ್ಡಿ, ತತ್ತಿ, ಕಿಸೆಗಳಾಗುತ್ತವೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂತಹ ಊರಿನ ಮಗುವಿಗೆ ಬೆಂಗಳೂರಿನ ಕನ್ನಡದಲ್ಲಿ ಪ್ರಶ್ನೆ ಹಾಕಿ, ಉತ್ತರ ಬಾರದಿದ್ದರೆ ಅದು ಅರಿವಿನ ಕೊರತೆಯೋ ಪದದ ಅಪರಿಚಯವೋ ಎಂಬುದು ಅಂಕದಿಂದ ತಿಳಿಯುವುದಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ಮರಾಠಿ ಮಾತನಾಡುವ ಮಕ್ಕಳ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು.

ಭಾಷೆಯ ಪ್ರಭಾವವನ್ನು ತಗ್ಗಿಸಲು ಅಶಾಬ್ದಿಕ ಮತ್ತು ಕ್ರಿಯಾ ಪರೀಕ್ಷೆಗಳನ್ನು ಜೊತೆಗೆ ಬಳಸುತ್ತಾರೆ. ಸೆಗ್ಯಾನ್ ಆಕಾರ ಫಲಕ, 1938ರಲ್ಲಿ ಪ್ರಕಟವಾದ ರೇವನ್ ಅವರ ಪ್ರೊಗ್ರೆಸಿವ್ ಮ್ಯಾಟ್ರಿಸಸ್, ಐದು ಉಪಪರೀಕ್ಷೆಗಳ ಭಾಟಿಯಾ ಕ್ರಿಯಾ ಪರೀಕ್ಷಾ ಮಾಲೆ (1955) ಇವುಗಳಲ್ಲಿ ಪ್ರಮುಖವಾದವು. ವೆಕ್ಸ್‌ಲರ್ ಮಾದರಿಯನ್ನು ಭಾರತೀಯ ಮಕ್ಕಳಿಗೆ ಹೊಂದಿಸಿದ ಮಾಲಿನ್ ಅವರ ಮಾಪನಿಯೂ ವ್ಯಾಪಕವಾಗಿ ಬಳಕೆಯಲ್ಲಿದೆ. ಆದರೆ ಚಿತ್ರ, ಆಕೃತಿ, ಫಲಕಗಳೂ ಸಂಸ್ಕೃತಿಯಿಂದ ಪೂರ್ಣವಾಗಿ ಮುಕ್ತವಲ್ಲ. ಪೆನ್ಸಿಲ್ ಹಿಡಿದು ಕಾಗದದ ಮುಂದೆ ಕುಳಿತು ಅಭ್ಯಾಸವಿರುವ ಮಗುವಿಗೆ ಅವುಗಳಲ್ಲಿಯೂ ಅನುಕೂಲವಿದೆ.

ಕಾನೂನು ಮತ್ತು ಪ್ರಮಾಣಪತ್ರ

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಬೌದ್ಧಿಕ ವೈಕಲ್ಯವೆಂದರೆ ತರ್ಕ, ಕಲಿಕೆ, ಸಮಸ್ಯಾ ಪರಿಹಾರಗಳಲ್ಲಿನ ಗಣನೀಯ ಮಿತಿ ಹಾಗೂ ದೈನಂದಿನ ಬದುಕಿನ ಹೊಂದಾಣಿಕೆಯ ನಡವಳಿಕೆಯಲ್ಲಿನ ಮಿತಿ, ಇವೆರಡೂ ಇರುವ ಸ್ಥಿತಿ. ಆದುದರಿಂದ ಬುದ್ಧಿಲಬ್ಧವೊಂದರಿಂದಲೇ ನಿರ್ಣಯಕ್ಕೆ ಬರುವಂತಿಲ್ಲ. ಉಣ್ಣುವುದು, ಉಡುವುದು, ಅಂಗಡಿಗೆ ಹೋಗಿ ಬರುವುದು, ಇತರರೊಡನೆ ಬೆರೆಯುವುದು ಮುಂತಾದುವನ್ನು ಪರಿಶೀಲಿಸುವ ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತಾ ಮಾಪನಿಯನ್ನೂ ಬಳಸುತ್ತಾರೆ.

ವೈಕಲ್ಯದ ಪ್ರಮಾಣ 40 ಪ್ರತಿಶತಕ್ಕೆ ಕಡಿಮೆಯಿಲ್ಲದವರಿಗೆ ಕಾನೂನಿನ ವಿಶೇಷ ಸೌಲಭ್ಯಗಳು ದೊರೆಯುತ್ತವೆ. 6ರಿಂದ 18 ವರ್ಷದೊಳಗಿನ ಅಂತಹ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಹೀಗಾಗಿ ಪರೀಕ್ಷೆಯ ಅಂಕವು 70ರ ಗೆರೆಯ ಯಾವ ಬದಿಗೆ ಬೀಳುತ್ತದೆ ಎಂಬುದು ಒಂದು ಕುಟುಂಬದ ಪಾಲಿಗೆ ಸಣ್ಣ ಸಂಗತಿಯಲ್ಲ. ಗೆರೆಯಿಂದ ಸ್ವಲ್ಪವೇ ಮೇಲಿರುವ ಮಕ್ಕಳು ತರಗತಿಯಲ್ಲಿ ಹಿಂದುಳಿದರೂ ನೆರವಿಗೆ ಅರ್ಹರಾಗದೆ ಉಳಿಯಬಹುದು.

ಶಾಲೆಗಳಲ್ಲಿ ಬೌದ್ಧಿಕ ಸಾಮರ್ಥ್ಯ ಪರೀಕ್ಷೆ

ಗ್ರಾಮೀಣ ಮಕ್ಕಳು ಹೆಚ್ಚಾಗಿ ಎದುರಿಸುವುದು ಇಂತಹ ವೈಯಕ್ತಿಕ ಪರೀಕ್ಷೆಯನ್ನಲ್ಲ, ಆಯ್ಕೆಗಾಗಿ ನಡೆಯುವ ಸಾಮೂಹಿಕ ಪರೀಕ್ಷೆಗಳನ್ನು. ಜವಾಹರ ನವೋದಯ ವಿದ್ಯಾಲಯದ 6ನೆಯ ತರಗತಿಯ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಬೌದ್ಧಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. 8ನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ರಾಷ್ಟ್ರೀಯ ಸಾಧನೆ ಮತ್ತು ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ (ಎನ್‌ಎಂಎಂಎಸ್) ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆಗಳ ಪ್ರತ್ಯೇಕ ಪತ್ರಿಕೆಯಿದೆ. ಸಂಖ್ಯಾ ಸರಣಿ, ಸಾದೃಶ್ಯ, ವರ್ಗೀಕರಣ, ಸಂಕೇತ ಭಾಷೆ, ಕನ್ನಡಿ ಬಿಂಬ ಮುಂತಾದವು ಇಂತಹ ಪರೀಕ್ಷೆಗಳ ಸಾಮಾನ್ಯ ಮಾದರಿಗಳು.

ಇವು ಬುದ್ಧಿಲಬ್ಧವನ್ನು ನೀಡುವುದಿಲ್ಲ. ಪ್ರಶ್ನೆಗಳ ಮಾದರಿ ತಿಳಿದವರಿಗೆ ಅಂಕ ಹೆಚ್ಚುತ್ತದೆ. ಶಿಕ್ಷಕರು ಅಭ್ಯಾಸ ಮಾಡಿಸಿದ ಶಾಲೆಯ ಮಕ್ಕಳು ಮುಂದೆ ಬರುವುದು ಇದರಿಂದಲೇ. ಆದ್ದರಿಂದ ಇವುಗಳಲ್ಲಿ ಆಯ್ಕೆಯಾಗದ ಮಗುವನ್ನು ಸಾಮರ್ಥ್ಯವಿಲ್ಲದ ಮಗುವೆಂದು ತಿಳಿಯಲು ಆಧಾರವಿಲ್ಲ.

ಟೀಕೆಗಳು

ಬಿನೆ–ಕಾಮತ್ ಪರೀಕ್ಷೆಯ ಮೇಲಿನ ಮುಖ್ಯ ಆಕ್ಷೇಪ ಅದರ ಮಾನಕಗಳು ಹಳೆಯವು ಎಂಬುದು. ನ್ಯೂಜಿಲೆಂಡಿನಲ್ಲಿ ನೆಲೆಸಿದ್ದ ಜೇಮ್ಸ್ ಫ್ಲಿನ್, 20ನೆಯ ಶತಮಾನದಲ್ಲಿ ಹಲವು ದೇಶಗಳ ಜನರ ಪರೀಕ್ಷಾಂಕಗಳು ತಲೆಮಾರಿನಿಂದ ತಲೆಮಾರಿಗೆ ಏರುತ್ತ ಬಂದುದನ್ನು 1980ರ ದಶಕದಲ್ಲಿ ತೋರಿಸಿದರು; ಅಮೆರಿಕದಲ್ಲಿ ಈ ಏರಿಕೆ ದಶಕಕ್ಕೆ ಸುಮಾರು 3 ಅಂಕ. ಶಾಲಾಶಿಕ್ಷಣದ ವಿಸ್ತಾರ, ಪೋಷಣೆಯ ಸುಧಾರಣೆ, ಚಿಕ್ಕ ಕುಟುಂಬ ಮುಂತಾದವನ್ನು ಇದಕ್ಕೆ ಕಾರಣಗಳೆಂದು ಹೇಳಲಾಗುತ್ತದೆ. ಇಂದಿನ ಮಗುವನ್ನು ಹಿಂದಿನ ತಲೆಮಾರಿನ ಮಾನಕಗಳಿಂದ ಅಳೆದರೆ ಬುದ್ಧಿಲಬ್ಧವು ಇರಬೇಕಾದುದಕ್ಕಿಂತ ಹೆಚ್ಚಾಗಿ ಕಾಣಬಹುದು. ನೆರವು ಬೇಕಾದ ಮಗು ಗೆರೆಯ ಮೇಲೆ ಉಳಿದುಬಿಡಬಹುದು. ಭಾಷೆಯ ತೊಡಕು ಅಂಕವನ್ನು ಇಳಿಸಿದರೆ ಹಳೆಯ ಮಾನಕ ಅದನ್ನು ಏರಿಸುತ್ತದೆ. ಈ ಎರಡು ದೋಷಗಳು ಒಂದನ್ನೊಂದು ಸರಿದೂಗಿಸುತ್ತವೆಂದು ಭಾವಿಸುವಂತಿಲ್ಲ, ಏಕೆಂದರೆ ಅವು ಎಲ್ಲ ಮಕ್ಕಳ ಮೇಲೆ ಸಮನಾಗಿ ಬೀಳುವುದಿಲ್ಲ.

ಹಸಿವು, ಜ್ವರ, ಭಯ, ಅಪರಿಚಿತ ಪರೀಕ್ಷಕರು, ಗುರುತಿಸದೆ ಉಳಿದ ದೃಷ್ಟಿ ಅಥವಾ ಶ್ರವಣ ದೋಷಗಳೂ ಅಂಕವನ್ನು ತಗ್ಗಿಸುತ್ತವೆ. ಆದ್ದರಿಂದ ಕಣ್ಣು, ಕಿವಿಗಳ ತಪಾಸಣೆಯನ್ನು ಮೊದಲು ಮಾಡಿಸಬೇಕು. ಫಲಿತಾಂಶವನ್ನು ಪಾಲಕರ ಮತ್ತು ಶಿಕ್ಷಕರ ಮಾಹಿತಿಯೊಡನೆ ಸೇರಿಸಿ ಅರ್ಥೈಸಬೇಕು. ಅಗತ್ಯವಿದ್ದರೆ ಕೆಲಕಾಲದ ನಂತರ ಮರುಪರೀಕ್ಷೆ ನಡೆಸಬೇಕು. ಹಲವು ಮಿತಿಗಳಿದ್ದರೂ ಈ ಪರೀಕ್ಷೆ ಬಳಕೆಯಲ್ಲಿ ಉಳಿದುಕೊಂಡಿರುವುದಕ್ಕೆ ಮಗುವಿನ ಮಾತಿನಲ್ಲಿಯೇ ನಡೆಸಬಹುದಾದ, ಚಿಕ್ಕ ವಯಸ್ಸಿನಿಂದ ಪ್ರೌಢ ವಯಸ್ಸಿನವರೆಗೂ ಸಲ್ಲುವ, ಹೆಚ್ಚಿನ ಸಲಕರಣೆ ಬೇಡದ ಮಾಪನಿ ಇದಾಗಿರುವುದೇ ಕಾರಣ.