ಭಾನುವಾರ ಬೆಳಗ್ಗೆ ಆರೂವರೆಯ ಆಟ

ಮೊನ್ನೆ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಅದರಲ್ಲಿ ಏನೇನಿದೆ ಅಂತ ನೋಡುತ್ತಾ ಕೂತಿದ್ದೆ. ಒಂದು ಫೋಟೋ ಸಿಕ್ಕಿತು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ನಾನೇ ಬರೆದ ಸುರಂಗದ ನಕ್ಷೆ. ಮೂಲೆಯಲ್ಲಿ "ಈ ಬಾಗಿಲು ತೆರೆಯಬಾರದು" ಅಂತ ಬರೆದಿದ್ದೇನೆ. ಯಾಕೆ ತೆರೆಯಬಾರದು? ತೆರೆದವರು ಯಾರು? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಆ ಆಟದ ಮಾತುಕತೆಯೆಲ್ಲ ಇದ್ದದ್ದು ಗೂಗಲ್ ಪ್ಲಸ್‌ನಲ್ಲಿ. 2019ರ ಏಪ್ರಿಲ್ 2ರಂದು ಅದು ಮುಚ್ಚಿತು. ಬೇಕಾದ್ದನ್ನು ಇಳಿಸಿಕೊಳ್ಳಿ ಅಂತ ಮೊದಲೇ ಹೇಳಿದ್ದರು. ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ಗಲಾಟೆಯಲ್ಲಿ ನಾನು ನಾಳೆ ನಾಳೆ ಅಂತ ಬಿಟ್ಟೆ. ತಪ್ಪು ನನ್ನದೇ.

ಯಾವ ಆಟ ಅಂತ ಕೇಳಿದಿರಾ? ಡಂಜನ್ಸ್ ಅಂಡ್ ಡ್ರಾಗನ್ಸ್. ಇದನ್ನು ಅಮ್ಮನಿಗೆ ವಿವರಿಸುವಾಗ ನಾನು ತಾಳಮದ್ದಳೆಯ ಉದಾಹರಣೆ ಕೊಟ್ಟಿದ್ದೆ. ವೇಷವಿಲ್ಲ, ಕುಣಿತವಿಲ್ಲ. ನಾಲ್ಕೈದು ಜನ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಭಾಗವತರ ಜಾಗದಲ್ಲಿ ಕಥೆ ನಡೆಸುವವನೊಬ್ಬ ಇರುತ್ತಾನೆ. ವ್ಯತ್ಯಾಸ ಏನೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ, ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. "ಅದಕ್ಕೆ ಭಾನುವಾರ ಅಷ್ಟು ಬೇಗ ಏಳ್ತೀಯಾ?" ಅಂದಿದ್ದರು ಅಮ್ಮ :)

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರತಂದರು. ಮೊದಲು ಅಚ್ಚು ಹಾಕಿಸಿದ್ದು ಸಾವಿರ ಪ್ರತಿ. ನಿಯಮಗಳು ಅರೆಬರೆ. ಅರ್ಥವಾಗದ್ದನ್ನು ಆಡುವವರು ತಾವೇ ತುಂಬಿಕೊಳ್ಳಬೇಕಿತ್ತು, ತುಂಬಿಕೊಂಡದ್ದನ್ನು ಬೇರೆಯವರಿಗೆ ಹೇಳಬೇಕು ಅನ್ನಿಸುತ್ತಿತ್ತು. 1975ರಲ್ಲಿ ಲಾಸ್ ಏಂಜಲೀಸ್‌ನ ಲೀ ಗೋಲ್ಡ್ ಎಂಬಾಕೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಶನ್ಸ್' ಎಂಬ ಮಾಸಿಕ ಶುರುಮಾಡಿದರು. ಆಡುವವರು ತಮ್ಮ ತಮ್ಮ ಪುಟಗಳನ್ನು ಕಳಿಸುತ್ತಿದ್ದರು, ಆಕೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಅಂಚೆಗೆ ಹಾಕುತ್ತಿದ್ದರು. ಈ ತಿಂಗಳು ನೀವು ಬರೆದದ್ದಕ್ಕೆ ಮುಂದಿನ ತಿಂಗಳು ಇನ್ನೊಬ್ಬರ ಉತ್ತರ. ಸ್ವತಃ ಗೈಗ್ಯಾಕ್ಸ್ ಕೂಡ ಅದಕ್ಕೆ ಪತ್ರ ಬರೆದಿದ್ದರು. 2025ರಲ್ಲಿ ನಿಲ್ಲುವವರೆಗೆ ಸುಮಾರು ಐವತ್ತು ವರ್ಷ ಅದು ನಡೆಯಿತು!

ಅಲ್ಲಿ ಬರೆಯುವವರು, ಓದುವವರು, ಆಡುವವರು ಬಹುಮಟ್ಟಿಗೆ ಒಂದೇ ಜನ. ಯಾರ ಪುಟ ಮೇಲೆ, ಯಾರದ್ದು ಕೆಳಗೆ ಅಂತ ತೀರ್ಮಾನಿಸುವ ಯಂತ್ರ ಇರಲಿಲ್ಲ. ಬೇಸರವಾದರೆ ಪುಟ ಮಗುಚಿದರಾಯಿತು.

ಹಾಗಂತ ಫೀಡ್ ಬಂದಕೂಡಲೇ ಎಲ್ಲ ಕೆಟ್ಟುಹೋಯಿತು ಅಂತ ನಾನು ಹೇಳಲಾರೆ. ಫೇಸ್‌ಬುಕ್ ನ್ಯೂಸ್ ಫೀಡ್ ತಂದದ್ದು 2006ರಲ್ಲಿ. ಗೂಗಲ್ ಪ್ಲಸ್ ಬಂದದ್ದು 2011ರ ಜೂನ್‌ನಲ್ಲಿ. ಅದೂ ಒಂದು ಫೀಡೇ. ಆದರೆ ಅದರಲ್ಲಿ ಎರಡು ಅನುಕೂಲವಿತ್ತು. ಒಂದು, ನಾವು ಬರೆದದ್ದು ಯಾವ ಗುಂಪಿಗೆ ಕಾಣಬೇಕು ಅಂತ 'ಸರ್ಕಲ್' ಮಾಡಿ ನಾವೇ ಆರಿಸಬಹುದಿತ್ತು. ಎರಡು, ಅಲ್ಲೇ ಹ್ಯಾಂಗೌಟ್‌ನಲ್ಲಿ ಹತ್ತು ಜನ ಮುಖ ನೋಡಿಕೊಂಡು ಮಾತಾಡಬಹುದಿತ್ತು. ಹಳೇ ಮಾದರಿಯ ಆಟ ಇಷ್ಟಪಡುವವರು ಆ ಬೇಸಿಗೆಯಲ್ಲೇ ಅಲ್ಲಿ ಜಮಾಯಿಸಿದರು. ಒಬ್ಬರ ಆಟದ ಪಾತ್ರವನ್ನು ಇನ್ನೊಬ್ಬರ ಆಟಕ್ಕೆ ಒಯ್ಯಬಹುದು ಎಂಬ ಒಪ್ಪಂದವನ್ನೂ ಮಾಡಿಕೊಂಡರು, ಅದಕ್ಕೆ ಫ್ಲೇಲ್‌ಸ್ನೇಲ್ಸ್ ಅಂತ ಹೆಸರು. "ಇವತ್ತು ರಾತ್ರಿ ಆಡ್ತಿದ್ದೀನಿ, ಎರಡು ಜಾಗ ಖಾಲಿ" ಅಂತ ಯಾರೋ ಬರೆದರೆ ಅಂದೇ ಆಟ.

ನಾನು ಸೇರಿದ್ದು 2017ರಲ್ಲಿ. ಹಾಸ್ಟೆಲ್‌ನಲ್ಲಿ ನಮಗೆ ಭಾನುವಾರ ಬೆಳಗ್ಗೆ ಆರೂವರೆ ಅಂದರೆ ನ್ಯೂಯಾರ್ಕ್ ಕಡೆಯವರಿಗೆ ಶನಿವಾರ ರಾತ್ರಿ ಒಂಬತ್ತು. ರೂಮ್‌ಮೇಟ್ ಮುಸುಕು ಹಾಕಿ ಮಲಗಿರುತ್ತಿದ್ದ, ನಾನು ಪಿಸುಗುಟ್ಟುತ್ತಾ ಕಳ್ಳನ ಪಾತ್ರ ಮಾಡುತ್ತಿದ್ದೆ. ಕಳ್ಳನಾದ್ದರಿಂದ ಪಿಸುಮಾತು ಸರಿಹೋಗುತ್ತಿತ್ತು :)

2018ರ ಅಕ್ಟೋಬರ್‌ನಲ್ಲಿ ಮುಚ್ಚುವ ಘೋಷಣೆ ಬಂತು. ಮಾಹಿತಿ ಸುರಕ್ಷತೆಯ ದೋಷ ಒಂದು ಕಾರಣ, ಬಳಸುವವರು ಕಡಿಮೆ ಎಂಬುದು ಇನ್ನೊಂದು. ನೂರಕ್ಕೆ ತೊಂಬತ್ತು ಭೇಟಿಗಳು ಐದು ಸೆಕೆಂಡಿಗಿಂತ ಕಡಿಮೆ ಅವಧಿಯವು ಅಂತ ಗೂಗಲ್ ತಾನೇ ಹೇಳಿತು. ಉಳಿದ ಹತ್ತರಲ್ಲಿ ಮೂರು ಮೂರು ಗಂಟೆ ಕೂತು ಆಡುತ್ತಿದ್ದ ನಾವೂ ಇದ್ದೆವು. ಲೆಕ್ಕದಲ್ಲಿ ನಾವು ಕಾಣಿಸುವಷ್ಟು ಇರಲಿಲ್ಲ, ಅಷ್ಟೇ.

ಅದೇ ಹೊತ್ತಿಗೆ ಇನ್ನೊಂದು ಕಡೆ ಏನಾಗುತ್ತಿತ್ತು ನೋಡಿ. 'ಕ್ರಿಟಿಕಲ್ ರೋಲ್' ಎಂಬ ಕಾರ್ಯಕ್ರಮ 2015ರ ಮಾರ್ಚ್‌ನಿಂದ ಟ್ವಿಚ್‌ನಲ್ಲಿ ನೇರಪ್ರಸಾರವಾಗುತ್ತಿತ್ತು. ವೃತ್ತಿಪರ ಕಂಠದಾನ ಕಲಾವಿದರು ಆಡುವುದು, ಜಗತ್ತು ನೋಡುವುದು. ಗೂಗಲ್ ಪ್ಲಸ್ ಮುಚ್ಚಿದ ದಿನ ಅವರ ಅನಿಮೇಷನ್ ಚಿತ್ರಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಸೇರುತ್ತಿತ್ತು. ಕೊನೆಗೆ ಸೇರಿದ್ದು 1.1 ಕೋಟಿ ಡಾಲರ್‌ಗೂ ಹೆಚ್ಚು. ಅದನ್ನು ನೋಡಿ ಆಡಲು ಬಂದವರು ಬಹಳ, ಅವರಲ್ಲಿ ಕೆಲವರು ನನ್ನ ಗೆಳೆಯರೇ.

ಆದರೆ 2016ರಲ್ಲಿ ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಎರಡೂ ಕಾಲಕ್ರಮ ಬಿಟ್ಟು, ನಮಗೆ ಹಿಡಿಸಬಹುದು ಅಂತ ಯಂತ್ರ ಊಹಿಸಿದ್ದನ್ನು ಮೇಲೆ ತೋರಿಸತೊಡಗಿದ್ದವು. ನಾನೂ ಅಂಥ ಪಟ್ಟಿಗಳನ್ನು ವಿಂಗಡಿಸುವ ಕೋಡ್ ಬರೆದವನೇ. ಎಣಿಸಲು ಆಗುವುದನ್ನು ಮಾತ್ರ ಅದು ಎಣಿಸುತ್ತದೆ. ಬಣ್ಣ ಹಚ್ಚಿದ ಗೊಂಬೆಯ ಫೋಟೋ ಒಂದು ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ, ಜಗಳವೂ ಬೀಳುತ್ತದೆ. ಮೂರು ಗಂಟೆಯ ಆಟವನ್ನು ಹೇಗೆ ತೋರಿಸುವುದು? "ಎರಡು ಜಾಗ ಖಾಲಿ" ಎಂಬ ಸಾಲು ಮೂರು ದಿನದ ನಂತರ ಕಂಡರೆ ಏನು ಪ್ರಯೋಜನ?

ಫೀಡಿನ ಬಲವನ್ನೂ ಹೇಳಬೇಕು. 2023ರ ಜನವರಿಯಲ್ಲಿ ಆಟದ ಒಡೆತನವಿರುವ ಕಂಪನಿ, 2000ದಿಂದ ಇದ್ದ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟ ಕರಡು ಸೋರಿಕೆಯಾಯಿತು. ಸಾಮಾಜಿಕ ಜಾಲತಾಣಗಳಲ್ಲಿ ಎದ್ದ ಸಿಟ್ಟಿಗೆ ಒಂದೇ ತಿಂಗಳೊಳಗೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟಿತು. ಅಂಚೆಯ ಕಾಲದಲ್ಲಿ ಆಗುವ ಕೆಲಸವಲ್ಲ ಅದು. ಸಾವಿರಾರು ಜನರ ಸಿಟ್ಟನ್ನು ಫೀಡ್ ಮೂರು ವಾರದಲ್ಲಿ ಒಟ್ಟುಮಾಡಿತು. ಐದು ಜನರನ್ನು ವಾರವಾರ ಒಂದು ಮೇಜಿಗೆ ಕರೆಯುವುದು ಅದರ ಕೈಲಿ ಆಗಲಿಲ್ಲ. ಆಡುವವರು ಈಗ ಬಹುತೇಕ ಡಿಸ್ಕಾರ್ಡ್‌ನ ಬಾಗಿಲು ಹಾಕಿದ ಕೋಣೆಗಳಲ್ಲಿದ್ದಾರೆ. ಹೊಸಬರಿಗೆ ಆ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಇರಲಿ. ಹೋದ ತಿಂಗಳಿಂದ ಆಫೀಸಿನ ನಾಲ್ವರ ಜೊತೆ ಗುರುವಾರ ಸಂಜೆ ಆಡುತ್ತಿದ್ದೇನೆ. ಏನಾಯಿತು ಅಂತ ಪ್ರತಿ ವಾರ ಒಬ್ಬರು ನೋಟ್‌ಬುಕ್‌ನಲ್ಲಿ ಬರೆಯಬೇಕು ಅಂತ ನಿಯಮ ಮಾಡಿದ್ದೇವೆ. ಆ ಹಳೇ ನಕ್ಷೆಯನ್ನು ಪ್ರಿಂಟ್ ತೆಗೆದು ಅದರ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ನಾಡಿದ್ದು ಆ ಬಾಗಿಲ ಹಿಂದೆ ಏನಿದೆ ಅಂತ ನಾನೇ ಹೊಸದಾಗಿ ಕಟ್ಟಬೇಕು. ಇನ್ನೂ ಹೊಳೆದಿಲ್ಲ... ನಿಮಗೇನಾದರೂ ಹೊಳೆದರೆ ತಿಳಿಸಿ!