ಕುದುರೆ ನಡೆದ ದಡದಲ್ಲಿ ಗರಸಿನ ಜಾಡು

ಫ್ರಾನ್ಸಿನ ಕಾನೂನಿನಲ್ಲಿ ಇವತ್ತಿಗೂ ಒಂದು ವಿಚಿತ್ರ ಅಳತೆ ಉಳಿದುಕೊಂಡಿದೆ: 7.80 ಮೀಟರ್. ದೋಣಿ ಎಳೆಯುವ ದಾರಿಯಿರುವ ನದಿದಡದಲ್ಲಿ ಜಮೀನಿನವರು ಅಷ್ಟು ಅಗಲವನ್ನು ತೆರವಾಗಿ ಬಿಡಬೇಕು. ಲೆಕ್ಕ ಹೀಗೆ ಮುರುಕಾಗಿ ಬರಲು ಕಾರಣವಿದೆ. ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ 1669ರಲ್ಲಿ ತಂದ ಕಟ್ಟಳೆಯಲ್ಲಿ ಇದ್ದದ್ದು 24 ಅಡಿ. ಅಂದಿನ ಫ್ರೆಂಚ್ ಅಡಿಯನ್ನು ಮೀಟರಿಗೆ ಇಳಿಸಿದಾಗ 7.80 ಆಯಿತು. ಹಗ್ಗ ಕಟ್ಟಿಕೊಂಡು ದೋಣಿ ಎಳೆಯುವ ಕುದುರೆಗಳಿಗೆ ಮೀಸಲಿಟ್ಟ ಜಾಗವದು. ಕುದುರೆಗಳು ಹೋಗಿ ಎಷ್ಟೋ ಕಾಲವಾಯಿತು. ಈಗ ಆ ದಡಗಳಲ್ಲಿ ಓಡುತ್ತಿರುವುದು ಬಾಗಿದ ಹ್ಯಾಂಡಲಿನ, ದಪ್ಪ ಟಯರಿನ ಗ್ರಾವೆಲ್ ಸೈಕಲ್.

ಗ್ರಾವೆಲ್ ಎಂದರೆ ನಮ್ಮ ಗರಸು. ಡಾಂಬರು ಕಾಣದ, ಹಾಗೆಂದು ಕಾಡು ಕಲ್ಲಿನದೂ ಅಲ್ಲದ ನಡುವಿನ ದಾರಿಗೆ ಒಗ್ಗುವ ಸೈಕಲ್ ಇದು. ಹೆಸರು ಹೊಸದು. ಆದರೆ ಫ್ರಾನ್ಸಿನ ನದಿ ಸೀಮೆಯಲ್ಲಿ ಈ ಸವಾರಿಗೆಂದೇ ಕಡಿದ ದಾರಿಗಳು ತೀರಾ ಕಡಿಮೆ. ಒಂದೊಂದು ಕಸುಬು ಜಾಗ ಖಾಲಿ ಮಾಡಿದಾಗ ಹಿಂದೆ ಉಳಿದ ದಾರಿಗಳೇ ಇದರ ಆಸ್ತಿ. ಆದ್ದರಿಂದ ಇದರ ಕಥೆಯನ್ನು ಸೈಕಲ್ಲಿನಿಂದಲ್ಲ, ದೋಣಿಯಿಂದಲೇ ಶುರುಮಾಡಬೇಕು ಎಂಬುದು ನನ್ನ ನಂಬಿಕೆ.

ಲುವಾರ್ ನದಿಯನ್ನೇ ನೋಡಿ. ಸಾವಿರ ಕಿ.ಮೀ.ಗೂ ಮಿಕ್ಕಿ ಹರಿಯುವ ಇದು ಫ್ರಾನ್ಸಿನ ಅತಿ ಉದ್ದದ ನದಿ. ಇಂದು ಅದರ ದಡದಲ್ಲಿ ನಿಂತರೆ ಮರಳ ದಿಬ್ಬ, ಬೆಳ್ಳಕ್ಕಿ, ನಿಧಾನದ ನೀರು. ಈ ಮೌನ ನದಿಯ ಹುಟ್ಟುಗುಣವಲ್ಲ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ, ಒಂದರ ಹಿಂದೊಂದು ಕಟ್ಟಿದ ದೋಣಿಗಳು ಉಪ್ಪು, ವೈನು ಹೊತ್ತು ಶತಮಾನಗಳ ಕಾಲ ಹೊಳೆಯ ಎದುರಿಗೆ ಸಾಗುತ್ತಿದ್ದವು. 1843ರಲ್ಲಿ ರೈಲು ಓರ್ಲೆಯಾಂಗೆ ಬಂತು, 1846ರಲ್ಲಿ ತೂರ್‌ಗೆ. ಕೆಲವೇ ದಶಕಗಳಲ್ಲಿ ದೋಣಿ ವ್ಯಾಪಾರ ಕುಸಿದುಬಿತ್ತು. ಉಳಿದದ್ದು ಏರಿ. ಪ್ರವಾಹ ತಡೆಯಲು ಮಧ್ಯಯುಗದಿಂದಲೇ ಹಾಕುತ್ತ, ಎತ್ತರಿಸುತ್ತ ಬಂದ ಮಣ್ಣಿನ ಏರಿಗಳನ್ನು 1846, 1856, 1866ರ ಮೂರು ಮಹಾಪೂರಗಳು ಒಡೆದುಹಾಕಿದರೂ ಮತ್ತೆ ಕಟ್ಟಿದರು. ನಮ್ಮ ಕೆರೆ ಏರಿಯ ಮೇಲೆ ನಡೆದವರಿಗೆ ಆ ದಾರಿಯ ಸುಖ ಗೊತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಊರು, ತೋಟ. 1947ರಲ್ಲಿ ಫ್ರಾನ್ಸಿನ ದೂರನಡಿಗೆ ಹಾದಿಗಳ ಜಾಲದ ಮೊದಲ ತುಂಡು ತೆರೆದದ್ದೂ ಇದೇ ನದಿಯ ಪಕ್ಕದಲ್ಲಿ, ಓರ್ಲೆಯಾಂ ಮತ್ತು ಬೋಜಾನ್ಸಿ ನಡುವೆ.

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯ ಕಥೆ ಇನ್ನೂ ಮನಸ್ಸು ಹಿಡಿಯುತ್ತದೆ. ಇಂಗ್ಲಿಷ್ ಹಡಗುಗಳು ಸಮುದ್ರದಲ್ಲಿ ದಾರಿ ಕಟ್ಟಿದ್ದ ಕಾಲದಲ್ಲಿ, ನಾಂತ್‌ನಿಂದ ಬ್ರೆಸ್ತ್‌ಗೆ ಒಳನಾಡಿನಲ್ಲೇ ಸರಕು ಸಾಗಲೆಂದು ನೆಪೋಲಿಯನ್ ಕಾಲದಲ್ಲಿ ಒಂದು ನಾಲೆ ತೋಡಲು ಹೊರಟರು. ನದಿಗಳನ್ನು ಒಂದಕ್ಕೊಂದು ಹೊಲಿದಂತೆ 364 ಕಿ.ಮೀ. ಉದ್ದ. ದೋಣಿಯನ್ನು ಮೆಟ್ಟಿಲೇರಿಸಿದಂತೆ ಏರಿಸಿ ಇಳಿಸುವ ಲಾಕ್‌ಗಳು ಇನ್ನೂರಕ್ಕೂ ಹೆಚ್ಚು, ಅವುಗಳ ಪಕ್ಕದಲ್ಲಿ ಕಾವಲುಗಾರನ ಮನೆಗಳು. 1842ರಲ್ಲಿ ನಾಲೆ ಪೂರ್ತಿಯಾಗುವ ಹೊತ್ತಿಗೆ ನೆಪೋಲಿಯನ್ ಇರಲಿಲ್ಲ, ಆ ಯುದ್ಧವೂ ಇರಲಿಲ್ಲ. ಮುಂದೆ 1923ರಿಂದ 1930ರವರೆಗೆ ವಿದ್ಯುತ್ತಿಗಾಗಿ ಗೆರ್ಲೆದಾಂನಲ್ಲಿ ಅಣೆಕಟ್ಟು ಎದ್ದಿತು. ನಾಲೆ ನಡುವೆಯೇ ತುಂಡಾಯಿತು. ಲಾಕ್‌ಗಳು, ಕಾವಲು ಮನೆಗಳು, ಎಳೆಯುವ ದಾರಿ ಎಲ್ಲ ನೀರಿನಡಿಗೆ ಹೋದವು. 2015ರಲ್ಲಿ ಅಣೆಕಟ್ಟಿನ ತಪಾಸಣೆಗೆಂದು ಜಲಾಶಯ ಬರಿದು ಮಾಡಿದಾಗ ಅವೆಲ್ಲ ಮೇಲೆ ಕಂಡವು. ಕೆಸರು ಮೆತ್ತಿದ ಕಲ್ಲಿನ ಗೋಡೆಗಳು, ಚಾವಣಿಯಿಲ್ಲದ ಮನೆಗಳು, ಮರಗಳ ಬೂದು ಬೊಡ್ಡೆಗಳು. ಜನ ಜಾತ್ರೆಗೆ ಬಂದಂತೆ ನೋಡಲು ಬಂದರು.

ಇವತ್ತು ಈ ನಾಲೆಯ ದಡ ಹಿಡಿದು ಬರುವ ಸವಾರ ಗುವಾರೆಕ್ ಬಳಿ, 12ನೇ ಶತಮಾನದ ಬೋಂ ರೆಪೊ ಮಠದ ಆಸುಪಾಸಿನಲ್ಲಿ, ನೀರನ್ನು ಬಿಟ್ಟು ಮೇಲಕ್ಕೆ ಹತ್ತುತ್ತಾನೆ. ಅಲ್ಲಿ ಸಿಗುವುದು 1967ರಲ್ಲಿ ಮುಚ್ಚಿಹೋದ ಮೀಟರ್‌ಗೇಜ್ ರೈಲಿನ ಹಾದಿ. ಹಳಿ ಕಿತ್ತರೂ ರೈಲಿಗಾಗಿ ಕಟ್ಟಿದ ಹದವಾದ ಏರು ಹಾಗೇ ಇದೆ, ಕಾಲಿಗೆ ಗೊತ್ತಾಗುವುದೇ ಇಲ್ಲ. ಅಣೆಕಟ್ಟು ನುಂಗಿದ ದೋಣಿದಾರಿಯ ಲೋಪವನ್ನು ಸತ್ತ ರೈಲುದಾರಿ ತುಂಬಿಕೊಟ್ಟಿದೆ. ಫ್ರಾನ್ಸಿನ ಗರಸು ದಾರಿಗಳ ಗುಟ್ಟೆಲ್ಲ ಈ ಒಂದು ತಿರುವಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ಚಕ್ರದ ಮಾತು. ಕ್ಲೆರ್ಮೋಂ ಫೆರಾಂನ ಮಿಶೆಲಿನ್ ಸಹೋದರರು ಕಳಚಿ ಹಾಕಬಹುದಾದ ಗಾಳಿ ಟಯರನ್ನು 1891ರಲ್ಲಿ ತಂದರು. ಅದೇ ವರ್ಷ ಅದನ್ನು ಹಾಕಿಕೊಂಡು ಶಾರ್ಲ್ ತೆರೋಂ ಪ್ಯಾರಿಸ್-ಬ್ರೆಸ್ತ್-ಪ್ಯಾರಿಸ್ ಸೈಕಲ್ ಓಟ ಗೆದ್ದ. ಬೆಂಗಳೂರಿನಲ್ಲಿ ಇಂದು ರಾತ್ರಿಯಿಡೀ ಪೆಡಲ್ ತುಳಿದು ಬ್ರೆವೆ ಎಂಬ ದೂರದ ಸವಾರಿ ಮುಗಿಸುವವರು ಅರ್ಹತೆ ಗಳಿಸಲು ಹಂಬಲಿಸುವುದು ಅದೇ 1,200 ಕಿ.ಮೀ. ಸವಾರಿಗೆ. ಆದರೆ ಗರಸಿನ ಸವಾರಿಯ ಹಿರಿಯ ಎಂದು ನಾನು ಕರೆಯುವುದು ಸೇಂಟ್ ಎತಿಯೆನ್‌ನ ಪೋಲ್ ದ ವಿವಿಯನ್ನು. ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆತ 1887ರಲ್ಲಿ ಸೈಕಲ್ ಪತ್ರಿಕೆ ಶುರುಮಾಡಿ, ಓಟಕ್ಕಿಂತ ಸುತ್ತಾಟ ದೊಡ್ಡದು ಎಂದು ಜೀವನಪೂರ್ತಿ ವಾದಿಸಿದ. ಟೂರ್ ದ ಫ್ರಾನ್ಸ್ ಗೇರು ಬದಲಿಸುವ ಸಾಧನಕ್ಕೆ ಒಪ್ಪಿಗೆ ಕೊಟ್ಟದ್ದು 1937ರಲ್ಲಿ. ಈತ ಅದಕ್ಕೂ ಬಹಳ ಮೊದಲೇ ಹಲವು ಗೇರುಗಳ ಸೈಕಲ್ ಏರಿ ಗುಡ್ಡ ಹತ್ತುತ್ತಿದ್ದ.

1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಎರಡು ವಾರದ ಸಂಬಳಸಹಿತ ರಜೆ ಸಿಕ್ಕಿತು. ಗಂಡ ಹೆಂಡತಿ ಜೋಡಿ ಸೈಕಲ್ ಹತ್ತಿ ಹಳ್ಳಿಗಾಡಿಗೆ ಹೊರಟ ಕಾಲವದು. ಅಂದಿನ ಹಳ್ಳಿ ರಸ್ತೆಗಳು ಬಹುಪಾಲು ಗರಸೇ. ಅದಕ್ಕಾಗಿಯೇ ರೆನೆ ಎರ್ಸ್, ಅಲೆಕ್ಸ್ ಸಿಂಜೆಯಂಥ ಕುಶಲಕರ್ಮಿಗಳು 584 ಮಿ.ಮೀ. ರಿಮ್ಮಿಗೆ ನಾಲ್ಕು ಸೆಂ.ಮೀ. ಆಸುಪಾಸಿನ ಮೆತ್ತನೆ ಟಯರು, ಮಡ್‌ಗಾರ್ಡ್, ದೀಪ, ಕ್ಯಾರಿಯರ್ ಎಲ್ಲ ಒಂದೇ ಮೈಯಾಗಿ ಕೂರಿಸಿದ ಹಗುರ ಸೈಕಲ್ ಕಟ್ಟಿದರು. 1930ರ ದಶಕದ ತಾಂತ್ರಿಕ ಪರೀಕ್ಷಾ ಸವಾರಿಗಳಲ್ಲಿ ಅಂಥ ಸೈಕಲ್ಲುಗಳನ್ನು ಕೆಟ್ಟ ದಾರಿಯಲ್ಲಿ ಓಡಿಸಿ, ಏನು ಸಡಿಲವಾಯಿತು, ಏನು ಮುರಿಯಿತು ಎಂದು ನೋಡಿ ಅಂಕ ಕಳೆಯುತ್ತಿದ್ದರು.

ಯುದ್ಧದ ನಂತರ ಕಾರು ಬಂತು, ಡಾಂಬರು ಬಂತು, ಟಯರು ಸಪೂರವಾಯಿತು. ಗಟ್ಟಿಯಾಗಿ ಗಾಳಿ ತುಂಬಿದ ಸಣ್ಣ ಟಯರೇ ವೇಗ ಎಂಬ ನಂಬಿಕೆ ಬಲವಾಯಿತು. ಅದನ್ನು ಅಲುಗಾಡಿಸಿದವರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೆಲೆಸಿದ ಯಾನ್ ಹೈನೆ ಒಬ್ಬರು. ಕಲ್ಲುಕಲ್ಲಿಗೂ ಪುಟಿಯುವ ಗಟ್ಟಿ ಟಯರು ಸವಾರನ ಶಕ್ತಿಯನ್ನು ಅವನ ಮೈನಡುಕದಲ್ಲೇ ಕಳೆದುಬಿಡುತ್ತದೆ. ಅಗಲವಾದ ಮೆತ್ತನೆ ಟಯರು ಕಲ್ಲನ್ನು ತನ್ನೊಳಗೆ ಅದುಮಿಕೊಂಡು ದಾಟುತ್ತದೆ. ಇದನ್ನವರು ಪ್ರಯೋಗ ಮಾಡಿ ತಮ್ಮ ತ್ರೈಮಾಸಿಕದಲ್ಲಿ ಬರೆದರು. 2006ರಲ್ಲಿ ಕ್ಯಾನ್ಸಸ್‌ನ ಎಂಪೋರಿಯಾದಲ್ಲಿ 200 ಮೈಲಿಯ ಗರಸು ಓಟ ಶುರುವಾಯಿತು, 2012ರಲ್ಲಿ ಸಾಲ್ಸಾ ವಾರ್‌ಬರ್ಡ್‌ನಂಥ ಗರಸಿನ ಸೈಕಲ್ ಅಂಗಡಿಗೆ ಬಂತು, 2022ರಲ್ಲಿ ಇಟಲಿಯಲ್ಲಿ ಗರಸಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಫ್ರೆಂಚರ ಹಳೆಯ ವಿದ್ಯೆ ಇಂಗ್ಲಿಷ್ ಹೆಸರು ಹೊತ್ತು ತವರಿಗೆ ಮರಳಿತು.

ಅಷ್ಟರಲ್ಲಿ ದಾರಿಯೂ ಸಿದ್ಧವಾಗುತ್ತಿತ್ತು. 1997ರಲ್ಲಿ ಬರ್ಗಂಡಿಯ ಜಿವ್ರಿ-ಕ್ಲ್ಯೂನಿ ನಡುವಿನ ಹಳೆಯ ರೈಲು ಹಾದಿ ಫ್ರಾನ್ಸಿನ ಮೊದಲ ‘ಹಸಿರು ದಾರಿ’ಯಾಯಿತು. ಮರುವರ್ಷ ಇಂಥ ದಾರಿಗಳಿಗೆ ರಾಷ್ಟ್ರೀಯ ಯೋಜನೆ ಬಂತು. ನೆವೇರ್ ಬಳಿಯಿಂದ ಸಮುದ್ರದವರೆಗೆ ಸುಮಾರು 900 ಕಿ.ಮೀ.ಗಳ ಲುವಾರ್ ಸೈಕಲ್ ದಾರಿ 2012ರಲ್ಲಿ ಪೂರ್ಣಗೊಂಡಿತು. ರೋನ್, ಸೆನ್ ನದಿಗಳಿಗೂ ಇಂಥವೇ ಬಂದವು. ಗರಸಿನ ಸವಾರನಿಗೆ ನಾನು ಮೊದಲು ಹೇಳುವುದು ಮಾತ್ರ ಇವು ಯಾವುವನ್ನೂ ಅಲ್ಲ, ಮಾಯೆನ್ ನದಿಯನ್ನು. ಮಾಯೆನ್ ಪಟ್ಟಣದಿಂದ ದಕ್ಷಿಣಕ್ಕೆ ಲಾವಾಲ್, ಶಾತೊ ಗೋಂತಿಯೆ ಹಾದು ಸುಮಾರು 85 ಕಿ.ಮೀ. ಎಳೆಯುವ ದಾರಿ ನೀರಿನ ಮಗ್ಗುಲಲ್ಲೇ ಸಾಗುತ್ತದೆ. ಲಾಕ್ ಬಂದಾಗ ಒಡ್ಡಿನ ಮೇಲೆ ನೀರು ಸುರಿಯುವ ಸದ್ದು ಮೊದಲು ಕೇಳುತ್ತದೆ, ಆಮೇಲೆ ಕಾವಲು ಮನೆ ಕಾಣುತ್ತದೆ. ಅದನ್ನು ದಾಟಿದ ಮೇಲೆ ಮತ್ತೆ ಟಯರಿನಡಿ ಗರಸಿನ ಚರಚರ ಸದ್ದೊಂದೇ.

ಆ ಸದ್ದಿನ ಬಗ್ಗೆಯೇ ಈಗ ತಕರಾರು. ಸಣ್ಣ ಜಲ್ಲಿ, ಕಲ್ಲುಪುಡಿ ಹರವಿ ರೋಲರ್ ಹೊಡೆದ ನೆಲ ಮಳೆಗೆ ಕೊರೆಯುತ್ತದೆ, ಬೇಸಗೆಯಲ್ಲಿ ಬಿಳಿ ದೂಳು ಏಳಿಸುತ್ತದೆ, ಮತ್ತೆ ಮತ್ತೆ ದುರಸ್ತಿ ಬೇಡುತ್ತದೆ. ಗಾಲಿಕುರ್ಚಿಯವರಿಗೆ, ಮಕ್ಕಳ ಕೈಗಾಡಿ ತಳ್ಳುವವರಿಗೆ, ದಿನಾ ಕೆಲಸಕ್ಕೆ ಹೋಗುವವರಿಗೆ ಡಾಂಬರು ಬೇಕು. ಅದು ನ್ಯಾಯವಾದ ಬೇಡಿಕೆ, ಊರ ಹತ್ತಿರದ ತುಂಡುಗಳಲ್ಲಿ ಹಾಕಲಿ. ಆದರೆ ಎರಡು ಊರುಗಳ ನಡುವಿನ ದಡಕ್ಕೂ ಅದನ್ನೇ ಬಳಿದರೆ ಮಳೆನೀರು ಇಂಗುವ ನೆಲ ಮುಚ್ಚಿಹೋಗುತ್ತದೆ, ಸೈಕಲ್ಲುಗಳ ವೇಗ ಏರುತ್ತದೆ, ನಡೆದು ಬರುವ ಮುದುಕಿ ಬದಿಗೆ ಸರಿಯಬೇಕಾಗುತ್ತದೆ. ಮನಸಾರೆ ಹೇಳುತ್ತೇನೆ, ಅಲ್ಲಿ ಗರಸೇ ಇರಲಿ.

ಎಲೆಮರೆಯ ಆಸ್ತಿ ಇನ್ನೊಂದಿದೆ. ದಡದಿಂದ ಹೊಲಗಳ ನಡುವೆ ಏರಿಹೋಗುವ ಬಂಡಿದಾರಿಗಳು. ಇವು ಊರ ಪಂಚಾಯಿತಿಯಂಥ ಕಮ್ಯೂನ್‌ಗಳ ಸೊತ್ತು. ಯುದ್ಧಾನಂತರ ತುಂಡು ಹೊಲಗಳನ್ನು ಕೂಡಿಸಿದಾಗ ಬೇಲಿಗಳ ಜೊತೆ ಇಂಥ ಎಷ್ಟೋ ದಾರಿ ಅಳಿಸಿಹೋದವು. ಉಳಿದವನ್ನೂ ಪಕ್ಕದ ಜಮೀನಿನವರು ಮೂವತ್ತು ವರ್ಷ ತಮ್ಮದೆಂದು ಅನುಭವಿಸಿದರೆ ಹಕ್ಕು ಕೇಳಬಹುದು. 2022ರ ಕಾನೂನೊಂದು, ಕಮ್ಯೂನ್ ತನ್ನ ದಾರಿಗಳ ಗಣತಿಗೆ ಇಳಿದರೆ ಆ ಮೂವತ್ತು ವರ್ಷದ ಎಣಿಕೆಗೆ ತಾತ್ಕಾಲಿಕ ತಡೆ ಕೊಟ್ಟಿದೆ. ಗಣತಿಗೆ ಹೋದವರು ನೋಡುವುದು ಹಳೆಯ ನಕ್ಷೆಯನ್ನಷ್ಟೇ ಅಲ್ಲ. ಜನ ಓಡಾಡುವ ದಾರಿ ಸಾರ್ವಜನಿಕರದ್ದೆಂದೇ ಫ್ರೆಂಚ್ ಗ್ರಾಮೀಣ ಸಂಹಿತೆ ಭಾವಿಸುತ್ತದೆ. ಮುಳ್ಳುಪೊದೆಯ ನಡುವೆ ಹಸಿಮಣ್ಣಿನಲ್ಲಿ ಮೂಡಿದ ನಾಲ್ಕು ಸೆಂ.ಮೀ. ಅಗಲದ ಟಯರಿನ ಗುರುತೂ ಅಲ್ಲಿ ಸಾಕ್ಷಿ.